ಮಾಲ್ಟಾದಂಥ ಪುಟ್ಟ ಮಾರುಕಟ್ಟೆಯಲ್ಲಿ ಖಾರದ ಸಾಸ್ ಮಾರುವುದು ಹೇಗೆ: ಮೊದಲ ಬಾಟಲಿಯಿಂದ ಎರಡನೇ ಆರ್ಡರ್‌ವರೆಗೆ

ಮಾಲ್ಟಾದ ಯಾವುದಾದರೂ ಸೂಪರ್‌ಮಾರ್ಕೆಟ್‌ಗೆ ಹೋಗಿ. ಸಾಸ್ ಇಟ್ಟಿರುವ ಕಪಾಟಿನ ಮುಂದೆ ನಿಂತು ಒಂದೊಂದೇ ಬಾಟಲಿಯ ಬೆನ್ನು ತಿರುಗಿಸಿ ಓದಿ. ಒಂದು ಅಮೆರಿಕದ ಲೂಯಿಸಿಯಾನಾದ್ದು. ಇನ್ನೊಂದು ಥಾಯ್ಲೆಂಡಿನದು. ಪಕ್ಕದ್ದು ಇಂಗ್ಲೆಂಡಿನಿಂದ ಬಂದಿರುತ್ತದೆ. ಅದರಾಚೆಗಿನ ಕೆಂಪು ಪೇಸ್ಟು ಇಟಲಿಯ ಕಲಾಬ್ರಿಯಾದ್ದು. ಹೆಚ್ಚುಕಮ್ಮಿ ಎಲ್ಲವೂ ಸಮುದ್ರ ದಾಟಿ ಬಂದ ಸರಕು.

ಈ ದ್ವೀಪ ಬದುಕುವುದೇ ಹಾಗೆ. ಇಡೀ ದೇಶ 316 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತಲೂ ಕಮ್ಮಿ. 2021ರ ಜನಗಣತಿಯಲ್ಲಿ ಇಲ್ಲಿದ್ದವರು 5,19,562 ಜನ. ಹಡಗು ಬರದಿದ್ದರೆ ಏನಾಗುತ್ತದೆ ಅನ್ನುವುದು ಇಲ್ಲಿನವರಿಗೆ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕ ಮಾಲ್ಟಾ ಉಪವಾಸದ ಅಂಚಿಗೆ ಬಂದಿತ್ತು. 1942ರ ಆಗಸ್ಟ್ 15ರಂದು, ಸಾಂತಾ ಮರಿಯಾ ಹಬ್ಬದ ದಿನ, ಮುಳುಗುವ ಸ್ಥಿತಿಯಲ್ಲಿದ್ದ ಒಹಾಯೋ ಎಂಬ ತೈಲ ಹಡಗನ್ನು ಯುದ್ಧನೌಕೆಗಳು ಎರಡೂ ಕಡೆಯಿಂದ ಆತುಕೊಂಡು ಬಂದರಿಗೆ ತಂದವು. ಆ ಹಬ್ಬದ ದಿನ ಅದನ್ನು ಇಂದಿಗೂ ನೆನೆಯುತ್ತಾರೆ.

ನಾನು ಇಲ್ಲಿನ ಒಂದು ಸಣ್ಣ ಆಮದು ಗೋದಾಮಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಸಾಸ್, ಉಪ್ಪಿನಕಾಯಿ, ಮಸಾಲೆ ಎಲ್ಲವನ್ನೂ ಇಳಿಸಿ, ಎಣಿಸಿ, ಅಂಗಡಿಗೆ ಕಳಿಸಿದ್ದೇನೆ. ಒಳ್ಳೆಯ ಸಾಸ್‌ಗಳು ಒಂದೇ ಸಲ ಬಂದು ಕಾಣೆಯಾಗಿದ್ದನ್ನು ನೋಡಿ ಬೇಜಾರಾಗಿದೆ. ಮೊದಲ ಆರ್ಡರ್ ಗಿಟ್ಟಿಸುವುದು ಕಷ್ಟವಲ್ಲ. ಹೊಸದು ಅಂದರೆ ಎಲ್ಲರಿಗೂ ಕುತೂಹಲ ಇರುತ್ತದೆ. ಎರಡನೇ ಆರ್ಡರ್ ಬರಬೇಕು ಅಂದರೆ ಮೊದಲ ಬಾಟಲಿ ತುಂಬುವ ಮುಂಚೆಯೇ ಕೆಲವು ಕೆಲಸ ಮುಗಿದಿರಬೇಕು. ಆ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ.

ಹಂತ 1: ಯಾರ ತಟ್ಟೆಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ

ಮಾಲ್ಟಾದಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹೊರದೇಶದವರು. ಭಾರತೀಯರದು ಅದರಲ್ಲಿ ದೊಡ್ಡ ಗುಂಪುಗಳಲ್ಲಿ ಒಂದು. ಹಾಗಾಗಿ ನಮ್ಮವರಿಗೇ ಮಾರೋಣ ಅನ್ನಿಸುವುದು ಸಹಜ. ಆದರೆ ಯೋಚಿಸಿ ನೋಡಿ. ಮನೆಯಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಇಟ್ಟುಕೊಂಡಿರುವವರು ನಾಲ್ಕೈದು ಯೂರೋ ಕೊಟ್ಟು 150 ಮಿಲಿಯ ಬಾಟಲಿಯನ್ನು ತಿಂಗಳಿಗೊಮ್ಮೆ ಕೊಳ್ಳುತ್ತಾರಾ? ನಾನು ಕಂಡಂತೆ ಉಪ್ಪಿನಕಾಯಿ ಕೊಳ್ಳುತ್ತಾರೆ, ಸಾಸ್ ಅಪರೂಪ.

ಸ್ಥಳೀಯರ ಊಟ ನೋಡಿ. ಪಸ್ತಿಟ್ಸಿ ಇದೆ, ರಿಕೊಟ್ಟಾ ಅಥವಾ ಬಟಾಣಿ ತುಂಬಿದ ಪದರ ಪದರ ತಿಂಡಿ. ಟೊಮೆಟೊ ಸವರಿ ಎಣ್ಣೆ ಹಾಕಿದ ಬ್ರೆಡ್ಡು ಇದೆ, ಅದನ್ನು ಹೋಬ್ಸ್ ಬಿಜ್ಜೆಯ್ತ್ ಅನ್ನುತ್ತಾರೆ. ಅವರೆಯ ಜಾತಿಯ ಕಾಳು ಅರೆದು ಮಾಡುವ ಬಿಜಿಲ್ಲಾಕ್ಕೆ ಸ್ವಲ್ಪ ಖಾರ ಹಾಕುವುದು ಅವರ ರೂಢಿಯೇ. ಮೆಣಸು ಮೆತ್ತಿದ ಸಣ್ಣ ಚೀಸ್ ಕೂಡ ಇದೆ. ಇದರ ಜತೆ ಬರ್ಗರ್, ಕಬಾಬ್, ಪಿಜ್ಜಾ. ಅಂದರೆ ಖಾರ ಇವರಿಗೆ ಹೊಸದಲ್ಲ, ಅದರ ಮಟ್ಟ ಬೇರೆ. 'ಪಿಕ್ಕಾಂತಿ' ಅನ್ನುವುದು ಇಲ್ಲಿ ಹೊಗಳಿಕೆಯ ಮಾತು, ಆದರೆ ಕಣ್ಣಲ್ಲಿ ನೀರು ಬರಬಾರದು.

ನನ್ನ ಸಲಹೆ ಇಷ್ಟು. ಎರಡು ಸಾಸ್ ಸಾಕು. ಒಂದು ಮಧ್ಯಮ ಖಾರದ್ದು, ಬ್ರೆಡ್ಡಿಗೂ ಪಸ್ತಿಟ್ಸಿಗೂ ಆಗುವಂಥದ್ದು. ಇನ್ನೊಂದು ನಿಜವಾಗಿ ಖಾರದ್ದು, ಅದನ್ನೇ ಹುಡುಕಿಕೊಂಡು ಬರುವವರಿಗೆ. ಎಂಟು ರುಚಿ ತಂದರೆ ಅಂಗಡಿಯವರು ಎರಡಕ್ಕೇ ಜಾಗ ಕೊಡುತ್ತಾರೆ. ಉಳಿದ ಆರು ನಿಮ್ಮ ಗೋದಾಮಿನಲ್ಲಿ ಹಳೆಯದಾಗುತ್ತವೆ.

ತೀರಾ ಖಾರ ಮಾಡಿ ಸುದ್ದಿಯಾಗಬೇಕು ಅನ್ನುವ ಆಸೆ ಬಿಡಿ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರ್ಕಾರ ಕೊರಿಯಾದ ಮೂರು ಬಗೆಯ ಖಾರದ ನೂಡಲ್ಸನ್ನು ಕ್ಯಾಪ್ಸೈಸಿನ್, ಅಂದರೆ ಖಾರ ಕೊಡುವ ಅಂಶ, ಜಾಸ್ತಿ ಇದೆ ಅಂತ ಅಂಗಡಿಗಳಿಂದ ವಾಪಸ್ ತೆಗೆಸಿತು. ಆಮೇಲೆ ಎರಡಕ್ಕೆ ಮತ್ತೆ ಅನುಮತಿ ಸಿಕ್ಕಿತು. ದೊಡ್ಡ ಕಂಪನಿ ಅದನ್ನು ತಡೆದುಕೊಂಡಿತು. ನಮ್ಮಂಥವರ ಒಂದು ಲಾಟ್, ಅಂದರೆ ಒಂದೇ ಸಲಕ್ಕೆ ತಯಾರಾದ ಸರಕು, ವಾಪಸ್ ಬಂದರೆ ಆ ವರ್ಷದ ದುಡ್ಡೇ ಹೋದ ಹಾಗೆ.

ಹಂತ 2: ಎಲ್ಲಿ ಮಾಡಿಸುತ್ತೀರಿ

ಮೂರು ದಾರಿಗಳಿವೆ. ಮಾಲ್ಟಾದಲ್ಲೇ ನೋಂದಾಯಿತ ಅಡುಗೆಕೋಣೆ ಬಾಡಿಗೆಗೆ ಹಿಡಿದು ಮಾಡುವುದು. ಸಿಸಿಲಿ ಅಥವಾ ಇಟಲಿಯ ಬೇರೆ ಕಡೆ ನಿಮ್ಮ ರೆಸಿಪಿ ಕೊಟ್ಟು ತಯಾರಿಸಿಕೊಡುವ ಕಾರ್ಖಾನೆಯಲ್ಲಿ ಮಾಡಿಸುವುದು. ಇಲ್ಲವೇ ಭಾರತದಲ್ಲಿ ಮಾಡಿಸಿ ತರಿಸುವುದು.

ಭಾರತದ್ದು ಅಗ್ಗ ಅನ್ನಿಸುತ್ತದೆ. ಬಾಟಲಿಯ ಬೆಲೆ ಮಟ್ಟಿಗೆ ಅದು ನಿಜವೂ ಹೌದು. ಆದರೆ ಹಡಗು, ಸುಂಕ, ಗಡಿಯಲ್ಲಿ ತಪಾಸಣೆ, ಕಾಯುವ ದಿನ, ಎಲ್ಲ ಸೇರಿಸಿ ಲೆಕ್ಕ ಹಾಕಿ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಬರಬೇಕಾಯಿತು. ಸೂಯೆಜ್ ಕಾಲುವೆಯ ಪಕ್ಕದಲ್ಲೇ ಇದ್ದ ಹಾಗೆ ಕಾಣುವ ಮಾಲ್ಟಾಕ್ಕೆ ಸರಕು ಬರುವುದು ವಾರಗಟ್ಟಲೆ ತಡವಾಯಿತು. ಎರಡನೇ ಆರ್ಡರ್ ಬಂದಾಗ ಕೊಡಲು ಬಾಟಲಿ ಇಲ್ಲ ಅಂದರೆ ಮೊದಲನೆಯದಕ್ಕೆ ಪಟ್ಟ ಶ್ರಮ ವ್ಯರ್ಥ.

ಸಿಸಿಲಿಯಿಂದಾದರೆ ಲಾರಿ ಟ್ರೇಲರ್ ನೇರವಾಗಿ ಹಡಗು ಹತ್ತಿ ಬರುತ್ತದೆ. ಮಾಲ್ಟಾ 2004ರ ಮೇ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿದೆ, 2008ರಿಂದ ಯೂರೋ ಬಳಸುತ್ತಿದೆ. ಒಕ್ಕೂಟದೊಳಗಿನ ಸರಕಿಗೆ ಕಸ್ಟಮ್ಸ್ ಸುಂಕ ಇಲ್ಲ. ಇಂಗ್ಲೆಂಡಿನಿಂದ ತರಿಸುವುದು ಮೊದಲು ಸುಲಭವಿತ್ತು. 2021ರ ಜನವರಿ 1ರಿಂದ ಅದೂ ಹೊರದೇಶದ ಸರಕೇ.

ಶುರುವಿಗೆ ಒಕ್ಕೂಟದೊಳಗೇ ಮಾಡಿಸಿ. ನಮ್ಮ ರುಚಿ ಬೇಕು ಅಂದರೆ ಮೆಣಸಿನಕಾಯಿಯನ್ನು ಮಾತ್ರ ನಮ್ಮದು ಬಳಸಿ. ಬ್ಯಾಡಗಿ ಇದಕ್ಕೆ ಹೇಳಿ ಮಾಡಿಸಿದ್ದು. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಣ್ಣ ಗಾಢ, ಖಾರ ಹದ. ಕೃತಕ ಬಣ್ಣ ಹಾಕದೆಯೇ ಸಾಸ್ ಕೆಂಪಗೆ ಕಾಣುತ್ತದೆ, ಮಧ್ಯಮ ಖಾರದ ಬಾಟಲಿಗೆ ಅಷ್ಟೇ ಬೇಕಿರುವುದು. ಖಾರದ ಬಾಟಲಿಗೆ ಗುಂಟೂರಿನದನ್ನು ಬೆರೆಸಿ.

ಹಂತ 3: ಮೆಣಸಿನಕಾಯಿಯ ಜಾತಕ ಕೇಳಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ.

2003ರಲ್ಲಿ ಭಾರತದಿಂದ ಬಂದ ಮೆಣಸಿನಪುಡಿಯಲ್ಲಿ ಸುಡಾನ್ 1 ಎಂಬ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿತು. ಅದು ತಿನ್ನುವ ಬಣ್ಣವೇ ಅಲ್ಲ, ಕೈಗಾರಿಕೆಯದು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಅದೇ ಬಣ್ಣ ಬೆರೆತ ಮೆಣಸಿನಪುಡಿ ಒಂದು ವೂಸ್ಟರ್ ಸಾಸ್‌ಗೆ ಹೋಗಿತ್ತು. ಆ ಸಾಸ್ ರೆಡಿಮೇಡ್ ಊಟಗಳಿಗೆ ಹೋಗಿತ್ತು. ಕೊನೆಗೆ ನೂರಾರು ಪದಾರ್ಥಗಳನ್ನು ಅಂಗಡಿಯಿಂದ ತೆಗೆಯಬೇಕಾಯಿತು. ಪುಡಿ ಕೊಂಡವರಿಗೆ ಅದು ಕೆಂಪಗೆ ಚೆನ್ನಾಗಿ ಕಂಡಿತ್ತು, ಅಷ್ಟೇ.

ಇನ್ನೊಂದು ತೊಂದರೆ ಅಫ್ಲಾಟಾಕ್ಸಿನ್. ಮೆಣಸಿನಕಾಯಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಹುಟ್ಟುವ ವಿಷ ಇದು. ಒಕ್ಕೂಟದ ಮಿತಿ ಬಿಗಿಯಾಗಿದೆ. ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಮೂರನೆಯದು ಎಥಿಲೀನ್ ಆಕ್ಸೈಡ್. ಕ್ರಿಮಿ ಕೊಲ್ಲಲು ಹಾಯಿಸುವ ಅನಿಲ. 2020ರಲ್ಲಿ ಭಾರತದ ಎಳ್ಳಿನಲ್ಲಿ ಅದರ ಉಳಿಕೆ ಸಿಕ್ಕ ಮೇಲೆ ಯುರೋಪ್ ಮಸಾಲೆಗಳ ಮೇಲೂ ಕಣ್ಣಿಟ್ಟಿತು.

ಇದಕ್ಕಾಗಿಯೇ 2019/1793 ಎಂಬ ನಿಯಮ ಇದೆ. ಯಾವ ದೇಶದ ಯಾವ ಪದಾರ್ಥವನ್ನು ಗಡಿಯಲ್ಲಿ ಜಾಸ್ತಿ ಪರೀಕ್ಷಿಸಬೇಕು ಅನ್ನುವ ಪಟ್ಟಿ ಅದರಲ್ಲಿರುತ್ತದೆ. ಭಾರತದ ಮೆಣಸಿನಕಾಯಿ ಅದರಲ್ಲಿ ಬಂದಿದೆ. ಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತಾರೆ, ಹಾಗಾಗಿ ಸರಕು ಹೊರಡುವ ಮುಂಚೆ ಆ ವಾರದ ಪಟ್ಟಿಯನ್ನೇ ನೋಡಿ, ಹೋದ ವರ್ಷದ್ದನ್ನಲ್ಲ. ಪಟ್ಟಿಯಲ್ಲಿದ್ದರೆ ಟ್ರೇಸಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮೊದಲೇ ತಿಳಿಸಬೇಕು. ಸರಕು ಗಡಿ ತಪಾಸಣಾ ಠಾಣೆಯ ಮೂಲಕವೇ ಬರಬೇಕು. ಸ್ಯಾಂಪಲ್ ತೆಗೆದರೆ ಫಲಿತಾಂಶ ಬರುವವರೆಗೆ ಕಾಯಬೇಕು. ಅಲ್ಲಿವರೆಗಿನ ಗೋದಾಮು ಬಾಡಿಗೆ ನಿಮ್ಮದೇ.

ಸಣ್ಣ ಪ್ರಮಾಣದವರಿಗೆ ಸುಲಭದ ದಾರಿ ಒಂದಿದೆ. ಗಡಿ ತಪಾಸಣೆ ಮುಗಿಸಿ ಈಗಾಗಲೇ ಯುರೋಪಿನೊಳಗೆ ಬಂದಿರುವ ಮೆಣಸಿನಪುಡಿಯನ್ನು ಅಲ್ಲಿನ ಸಗಟು ಮಸಾಲೆ ವ್ಯಾಪಾರಿಯಿಂದ ಕೊಳ್ಳಿ. ಕಿಲೋಗೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಲಾಟ್ ನಂಬರ್ ಇರುವ ಪರೀಕ್ಷಾ ವರದಿ ಕೈಗೆ ಬರುತ್ತದೆ. ವರದಿಯ ಲಾಟ್ ನಂಬರ್ ಚೀಲದ ಮೇಲಿನ ನಂಬರಿಗೆ ಹೊಂದುತ್ತದಾ ಅಂತ ನೀವೇ ನೋಡಿ. ಹೊಂದದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ.

ಹಂತ 4: ಹುಳಿಯ ಲೆಕ್ಕ

ಸಾಸ್ ಕೆಡದಂತೆ ಕಾಯುವುದು ಹುಳಿ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಮೇಲಿದ್ದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ರೋಗಾಣು ಮುಚ್ಚಿದ ಬಾಟಲಿಯಲ್ಲಿ ಬೆಳೆಯಬಹುದು. 4.6 ಅನ್ನುವುದು ಗಡಿ, ಗುರಿಯಲ್ಲ. 4ಕ್ಕಿಂತ ಕೆಳಗೆ ಇಟ್ಟುಕೊಳ್ಳಿ. ಮಾವು, ಕ್ಯಾರೆಟ್, ಬೆಳ್ಳುಳ್ಳಿ ಜಾಸ್ತಿ ಹಾಕಿದಷ್ಟೂ ಪಿಎಚ್ ಏರುವ ಅಪಾಯ ಇದೆ.

ಬಣ್ಣದ ಕಾಗದದ ಪಟ್ಟಿ ನಂಬಬೇಡಿ, ಕೆಂಪು ಸಾಸ್‌ನಲ್ಲಿ ಬಣ್ಣ ಗೊತ್ತಾಗುವುದಿಲ್ಲ. ಮೀಟರ್ ಕೊಳ್ಳಿ. ಪ್ರತಿ ಸಲ 4.01 ಮತ್ತು 7.00ರ ದ್ರಾವಣದಲ್ಲಿ ಸರಿಮಾಡಿಕೊಳ್ಳಿ. ಸಾಸನ್ನು ನುಣ್ಣಗೆ ಅರೆದು, ಕೋಣೆಯ ಬಿಸಿಗೆ ಆರಿಸಿ ಅಳೆಯಿರಿ. ತುಂಬಿದ ಮರುದಿನ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಮೆಣಸಿನ ತುಣುಕು ಹುಳಿಯನ್ನು ನಿಧಾನವಾಗಿ ಹೀರುತ್ತದೆ. ಎರಡೂ ಅಂಕಿಗಳನ್ನು ಲಾಟ್ ನಂಬರಿನ ಜತೆ ಪುಸ್ತಕದಲ್ಲಿ ಬರೆದಿಡಿ. ಅಧಿಕಾರಿ ಬಂದಾಗ ಕೇಳುವುದು ಆ ಪುಸ್ತಕವನ್ನೇ. ಒಕ್ಕೂಟದ 852/2004 ನಿಯಮದ ಪ್ರಕಾರ ಅಪಾಯದ ಜಾಗಗಳನ್ನು ಗುರುತಿಸಿ ದಾಖಲೆ ಇಡುವುದು ನಿಮ್ಮ ಹೊಣೆ.

ಹುದುಗಿಸಿದ ಸಾಸ್ ಮಾಡುವವರಿಗೆ ಒಂದು ಮಾತು. ಮಾಲ್ಟಾದ ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದುಂಟು. ತಗಡು ಚಾವಣಿಯ ಗೋದಾಮಿನ ಒಳಗೆ ಇನ್ನೂ ಜಾಸ್ತಿ. ಒಂದು ಬೇಸಿಗೆಯಲ್ಲಿ ಹೀಗೆ ಬಂದ ಪೆಟ್ಟಿಗೆಯೊಂದನ್ನು ತೆರೆದಾಗ ಮುಚ್ಚಳಗಳು ಉಬ್ಬಿದ್ದವು. ಒಂದನ್ನು ತಿರುಗಿಸಿದೆ. ಬುಸ್ ಅಂತ ಸದ್ದಾಗಿ ಸಾಸ್ ಮೊಣಕೈವರೆಗೆ ಹರಿಯಿತು. ಮಾಡಿದವರು ಕುದಿಸದೆ ಜೀವಂತ ಹುದುಗು ಬಿಟ್ಟಿದ್ದರು. ಸಾಸ್ ರುಚಿಯಾಗಿಯೇ ಇತ್ತು, ಆದರೆ ಮೂವತ್ತೆರಡು ಪೆಟ್ಟಿಗೆಗಳನ್ನೂ ಎಸೆಯಬೇಕಾಯಿತು. ಹುದುಗಿದ ಮೇಲೆ ಕುದಿಸಿ, 85 ಡಿಗ್ರಿಯಲ್ಲಿ ತುಂಬಿ, ಮುಚ್ಚಿ, ಬಾಟಲಿಯನ್ನು ಕೆಲವು ನಿಮಿಷ ತಲೆಕೆಳಗಾಗಿ ಇಡಿ. ಕುದಿಸುವುದಿಲ್ಲ ಅನ್ನುವುದಾದರೆ ಫ್ರಿಜ್‌ನಲ್ಲೇ ಸಾಗಿಸಿ ಫ್ರಿಜ್‌ನಲ್ಲೇ ಮಾರಬೇಕು, ಆ ಖರ್ಚು ಬೇರೆ.

ಹಂತ 5: ಲೇಬಲ್

ಹೆಚ್ಚಿನ ಸಾಸ್‌ಗಳು ಎಡವುವುದು ಇಲ್ಲಿಯೇ. ಒಂದು ಸಲ ಭಾರತದಿಂದ 600 ಬಾಟಲಿ ಬಂತು. ಬಾಟಲಿ ಚೆಂದ, ಸಾಸ್ ಚೆಂದ. ಹಿಂದಿನ ಲೇಬಲ್‌ನಲ್ಲಿ ಎಂಆರ್‌ಪಿ ಇತ್ತು, ಹಸಿರು ಚುಕ್ಕೆ ಇತ್ತು, ಸೋಡಿಯಂ ಎಷ್ಟು ಅಂತಲೂ ಇತ್ತು. ಯುರೋಪಿನ ಆಮದುದಾರರ ಹೆಸರು, ವಿಳಾಸ ಮಾತ್ರ ಇರಲಿಲ್ಲ. ಸಾಸಿವೆಯನ್ನು ದಪ್ಪ ಅಕ್ಷರದಲ್ಲಿ ತೋರಿಸಿರಲಿಲ್ಲ. ನಾವು ಮೂವರು ಕೂತು ಎರಡು ದಿನ ಹೊಸ ಸ್ಟಿಕ್ಕರ್ ಅಂಟಿಸಿದೆವು. ಗಾಜಿನ ಮೇಲೆ ಎಣ್ಣೆ ಕೈ ತಾಗಿದ ಕಡೆ ಸ್ಟಿಕ್ಕರ್ ಮೂಲೆ ಎದ್ದು ಬರುತ್ತಿತ್ತು. ಅಂಥ ಬಾಟಲಿ ಕಪಾಟಿನಲ್ಲಿ ಹಳೆಯ ಸರಕಿನಂತೆ ಕಾಣುತ್ತದೆ. ಎರಡನೇ ಆರ್ಡರ್ ಬರಲಿಲ್ಲ.

ಆಹಾರದ ಲೇಬಲ್ ಬಗ್ಗೆ ಒಕ್ಕೂಟದ ನಿಯಮ 1169/2011 ಅನ್ನು ಒಮ್ಮೆ ಪೂರ್ತಿ ಓದಿ. ಇಂಗ್ಲಿಷ್ ಮಾಲ್ಟಾದ ಅಧಿಕೃತ ಭಾಷೆ, ಹಾಗಾಗಿ ಇಂಗ್ಲಿಷ್ ಲೇಬಲ್ ನಡೆಯುತ್ತದೆ. ಸಣ್ಣ ಮಾರುಕಟ್ಟೆಗೆ ಇದು ದೊಡ್ಡ ಅನುಕೂಲ, ಬೇರೆಯೇ ಲೇಬಲ್ ಮುದ್ರಿಸಬೇಕಿಲ್ಲ. ಪದಾರ್ಥದ ಹೆಸರು, ತೂಕದ ಇಳಿಕೆ ಕ್ರಮದಲ್ಲಿ ಸಾಮಗ್ರಿಗಳ ಪಟ್ಟಿ, ಅಲರ್ಜಿ ತರುವವನ್ನು ಎದ್ದು ಕಾಣುವಂತೆ ಮುದ್ರಿಸುವುದು, ನಿವ್ವಳ ಪ್ರಮಾಣ, ಯಾವ ತಿಂಗಳವರೆಗೆ ಚೆನ್ನಾಗಿರುತ್ತದೆ, ಹೇಗೆ ಇಡಬೇಕು, ಒಕ್ಕೂಟದೊಳಗಿನ ಹೊಣೆಗಾರರ ಹೆಸರು ಮತ್ತು ವಿಳಾಸ, ಲಾಟ್ ನಂಬರ್, ಪೋಷಕಾಂಶ ಕೋಷ್ಟಕ ಇರಬೇಕು. ಇಂಗ್ಲಿಷ್‌ನ ಸಣ್ಣಕ್ಷರ x ಎಷ್ಟು ಎತ್ತರವೋ ಅದು ಕನಿಷ್ಠ 1.2 ಮಿಲಿಮೀಟರ್. ಬಾಟಲಿಯ ಅತಿ ದೊಡ್ಡ ಮೈ 80 ಚದರ ಸೆಂಟಿಮೀಟರ್‌ಗಿಂತ ಕಮ್ಮಿಯಾದರೆ 0.9 ಸಾಕು. 150 ಮಿಲಿ ಅನ್ನುವ ಅಂಕಿ ಮಾತ್ರ 3 ಮಿಲಿಮೀಟರ್ ಎತ್ತರ ಇರಲಿ.

ಪೋಷಕಾಂಶ ಕೋಷ್ಟಕದಲ್ಲಿ ಸೋಡಿಯಂ ಅಲ್ಲ, ಉಪ್ಪು ಅಂತ ಬರೆಯಬೇಕು. ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪಿನದು ಸಿಗುತ್ತದೆ.

ಅಲರ್ಜಿ ಪಟ್ಟಿಯಲ್ಲಿ 14 ಇವೆ. ನಮ್ಮ ಅಡುಗೆಯವರಿಗೆ ಗಮನಕ್ಕೇ ಬಾರದವು ಕೆಲವು. ಸಾಸಿವೆ ಅದರಲ್ಲಿದೆ. ಎಳ್ಳು ಇದೆ. ಇಂಗು? ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಇರುತ್ತದೆ. ಅಂದರೆ ಒಂದು ಚಿಟಿಕೆ ಇಂಗು ಹಾಕಿದ ಸಾಸ್‌ನಲ್ಲೂ ಗೋಧಿಯನ್ನು ತೋರಿಸಬೇಕು. ಮಾಲ್ಟ್ ವಿನೆಗರ್ ಹಾಕಿದರೆ ಬಾರ್ಲಿ. ದ್ರಾಕ್ಷಿ ವಿನೆಗರ್‌ನಿಂದ ಸಲ್ಫೈಟ್ (ಕೆಡದಂತೆ ಕಾಯುವ ರಾಸಾಯನಿಕ) ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಅದನ್ನೂ ಹೇಳಬೇಕು. ಇದು ಬರೀ ಕಾನೂನಿನ ಮಾತಲ್ಲ, ಅಲ್ವಾ? ಸಾಸಿವೆ ಆಗದ ಒಂದು ಮಗು ಆ ಸಾಸ್ ತಿನ್ನಬಹುದು.

ಹೆಸರಿನಲ್ಲಿ ಮಾವು ಅಂದರೆ ಮಾವು ಶೇಕಡ ಎಷ್ಟು ಅಂತ ಬರೆಯಬೇಕು. ಬ್ಯಾಡಗಿ ಅಂತ ಮುಂದೆ ಮುದ್ರಿಸಿದರೆ ಒಳಗೆ ಬ್ಯಾಡಗಿಯೇ ಇರಬೇಕು, ಎಷ್ಟು ಅಂತಲೂ ಹೇಳಬೇಕು. ಜೀರ್ಣಕ್ಕೆ ಒಳ್ಳೆಯದು, ತೂಕ ಇಳಿಸುತ್ತದೆ ಅನ್ನುವ ಮಾತುಗಳನ್ನು ಸುಮ್ನೆ ಬರೆಯುವಂತಿಲ್ಲ, ಆರೋಗ್ಯದ ಹೇಳಿಕೆಗಳಿಗೆ ಪ್ರತ್ಯೇಕ ನಿಯಮ ಇದೆ. ಇ102, ಇ110ನಂಥ ಆರು ಕೃತಕ ಬಣ್ಣಗಳನ್ನು ಬಳಸಿದರೆ ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಆಗಬಹುದು ಅನ್ನುವ ಎಚ್ಚರಿಕೆಯನ್ನು 2010ರಿಂದ ಮುದ್ರಿಸಲೇಬೇಕು. ಅಂಥ ಬಾಟಲಿಯನ್ನು ಯಾವ ತಾಯಿ ಕೊಳ್ಳುತ್ತಾಳೆ? ಬಣ್ಣ ಬಿಡಿ.

ಜೇನು ಅಥವಾ ಮೀನಿನ ಸಾಸ್ ಬೆರೆಸಿ ಭಾರತದಿಂದ ತರಿಸುವ ಯೋಚನೆ ಇದ್ದರೆ ಅದಕ್ಕೆ ಪ್ರಾಣಿಜನ್ಯ ಪದಾರ್ಥಗಳ ಬೇರೆಯೇ ನಿಯಮ ಅನ್ವಯಿಸುತ್ತದೆ. ಮೊದಲ ವರ್ಷ ಅದರ ತಂಟೆ ಬೇಡ. ಬೆಲ್ಲ, ಸಕ್ಕರೆ ಸಾಕು.

ಕೊನೆಯದಾಗಿ ಬಾರ್‌ಕೋಡ್. ಅದಿಲ್ಲದೆ ಸೂಪರ್‌ಮಾರ್ಕೆಟ್ ಬಾಗಿಲು ತೆರೆಯುವುದಿಲ್ಲ. ಬಾರ್‌ಕೋಡ್ ನಂಬರ್ ಹಂಚುವ ಜಿಎಸ್1 ಸಂಸ್ಥೆಯಿಂದಲೇ ಪಡೆಯಿರಿ. ಮಾಲ್ಟಾದಲ್ಲಿ ಪಡೆದದ್ದು 535ರಿಂದ ಶುರುವಾಗುತ್ತದೆ, ಭಾರತದ್ದು 890ರಿಂದ. ಎರಡೂ ನಡೆಯುತ್ತವೆ. ಯಾರೋ ಮಾರುವ ಹಳೆಯ ನಂಬರ್ ಕೊಳ್ಳಬೇಡಿ.

ಹಂತ 6: ಕಾಗದ ಪತ್ರ

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಕೆಲಸಕ್ಕೆ ಬಂದ ನಮ್ಮವರಲ್ಲಿ ಹೆಚ್ಚಿನವರ ಬಳಿ ಇರುವ, ವಾಸಕ್ಕೂ ಕೆಲಸಕ್ಕೂ ಸೇರಿ ಕೊಡುವ ಸಿಂಗಲ್ ಪರ್ಮಿಟ್ ಒಬ್ಬ ಮಾಲೀಕರಿಗೆ ಕಟ್ಟಿಕೊಂಡಿರುತ್ತದೆ. ಅದನ್ನಿಟ್ಟುಕೊಂಡು ಪಕ್ಕದಲ್ಲಿ ವ್ಯಾಪಾರ ಶುರುಮಾಡಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ. ವಕೀಲರ ಹತ್ತಿರ ಒಂದು ಗಂಟೆ ಕೂತು ಕೇಳಿ.

ಕಂಪನಿ ಮಾಡುವುದಾದರೆ ಮಾಲ್ಟಾ ಬಿಸಿನೆಸ್ ರಿಜಿಸ್ಟ್ರಿಯಲ್ಲಿ ನೋಂದಣಿ. ಖಾಸಗಿ ಲಿಮಿಟೆಡ್ ಕಂಪನಿಗೆ ಕನಿಷ್ಠ ಷೇರು ಬಂಡವಾಳ 1,164.69 ಯೂರೋ. ಆಹಾರ ವ್ಯವಹಾರ ಅಂತ ಎನ್ವಿರಾನ್‌ಮೆಂಟಲ್ ಹೆಲ್ತ್ ಡೈರೆಕ್ಟರೇಟ್‌ನಲ್ಲಿ ನೋಂದಾಯಿಸಬೇಕು. ಮನೆಯ ಕೋಣೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹಂಚುವವರಿಗೂ ಇದು ಬೇಕು. ಒಕ್ಕೂಟದ ಹೊರಗಿನಿಂದ ತರಿಸುವುದಾದರೆ ಇಒಆರ್‌ಐ ಎಂಬ ಕಸ್ಟಮ್ಸ್ ಗುರುತಿನ ನಂಬರ್ ಬೇಕು. ಸುಂಕ ಎಷ್ಟು ಅನ್ನುವುದನ್ನು ಒಕ್ಕೂಟದ ಟಾರಿಕ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ 2103 ಅನ್ನುವ ಶೀರ್ಷಿಕೆಯಡಿ ನೋಡಿ. ಸಾಸ್‌ಗಳು ಬರುವುದು ಅಲ್ಲಿ.

ಮಾಲ್ಟಾದಲ್ಲಿ ಸಾಮಾನ್ಯ ವ್ಯಾಟ್ ಶೇ. 18. ಆದರೆ ಮನೆಗೆ ಒಯ್ಯುವ ಹೆಚ್ಚಿನ ಆಹಾರಕ್ಕೆ ಅದು ಶೂನ್ಯ. ನಿಮ್ಮ ಸಾಸ್ ಎಲ್ಲಿ ಬರುತ್ತದೆ ಅನ್ನುವುದನ್ನು ಅಕೌಂಟೆಂಟ್ ಕೈಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಪ್ಯಾಕಿಂಗ್ ಕಸಕ್ಕೂ ಹೊಣೆ ಇದೆ. ಗಾಜು, ಮುಚ್ಚಳ, ರಟ್ಟನ್ನು ಮಾರುಕಟ್ಟೆಗೆ ತರುವವರು ನೋಂದಾಯಿಸಿಕೊಂಡು ಅದನ್ನು ಸಂಗ್ರಹಿಸುವ ಯೋಜನೆಯೊಂದಕ್ಕೆ ಸೇರಬೇಕು. 2022ರ ನವೆಂಬರ್‌ನಿಂದ ಪಾನೀಯದ ಬಾಟಲಿಗಳಿಗೆ ಶುರುವಾದ ಹತ್ತು ಸೆಂಟಿನ ಠೇವಣಿ ಸಾಸ್‌ಗೆ ಅನ್ವಯಿಸುವುದಿಲ್ಲ. ಕೆಲವರು ಎರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ.

ಯಾವ ಲಾಟ್ ಯಾವ ಅಂಗಡಿಗೆ ಹೋಯಿತು ಅನ್ನುವುದು ಹತ್ತು ನಿಮಿಷದಲ್ಲಿ ಹೇಳಲು ಬರಬೇಕು. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಯಾರು ಅನ್ನುವ ದಾಖಲೆ ಇಡುವುದು 178/2002 ನಿಯಮದ ಪ್ರಕಾರ ಕಡ್ಡಾಯ. ಎಕ್ಸೆಲ್ ಹಾಳೆ ಸಾಕು, ಆದರೆ ಅವತ್ತಿನದನ್ನು ಅವತ್ತೇ ಬರೆಯಿರಿ.

ಹಂತ 7: ಬೆಲೆಯನ್ನು ಕಪಾಟಿನಿಂದ ಹಿಂದಕ್ಕೆ ಎಣಿಸಿ

ಖರ್ಚಿನಿಂದ ಶುರುಮಾಡಿ ಮೇಲೆ ಹೋಗುವ ಬದಲು, ಕಪಾಟಿನ ಬೆಲೆಯಿಂದ ಕೆಳಗೆ ಬನ್ನಿ. ಲೆಕ್ಕ ಹೇಗೆ ಅಂತ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳು ನಿಮ್ಮವು ಬೇರೆ ಇರುತ್ತವೆ.

ಗಿರಾಕಿ 3.90 ಯೂರೋ ಕೊಡುತ್ತಾನೆ ಅಂದುಕೊಳ್ಳಿ, ವ್ಯಾಟ್ ಶೂನ್ಯ. ಅಂಗಡಿಯವರು ಶೇ. 30 ಇಟ್ಟುಕೊಂಡರೆ ಡಿಸ್ಟ್ರಿಬ್ಯೂಟರ್‌ಗೆ ಸಿಗುವುದು 2.73. ಅವರು ಶೇ. 25 ಇಟ್ಟುಕೊಂಡರೆ ನಿಮಗೆ ಬರುವುದು ಸುಮಾರು 2.05. ಬಾಟಲಿ ತುಂಬಿಸಿ, ಪೆಟ್ಟಿಗೆಗೆ ಹಾಕಿ, ಮಾಲ್ಟಾ ಗೋದಾಮಿಗೆ ತಂದಿಳಿಸಲು 2 ಯೂರೋ ಆಗಿದ್ದರೆ ಉಳಿಯುವುದು ಐದು ಸೆಂಟ್. ಅದೇ ಸಾಸ್ 4.75ಕ್ಕೆ ಮಾರಿದರೆ ನಿಮಗೆ ಸುಮಾರು 2.50 ಬರುತ್ತದೆ, ಐವತ್ತು ಸೆಂಟ್ ಉಳಿಯುತ್ತದೆ. ಹನ್ನೆರಡರ ಪೆಟ್ಟಿಗೆಯಲ್ಲಿ ಒಂದು ಬಾಟಲಿ ರುಚಿ ತೋರಿಸಲು ಹೋಯಿತು ಅಂದರೆ ಉಳಿದ ಹನ್ನೊಂದರ ಮೇಲೆ ತಲಾ 18 ಸೆಂಟ್ ಬೀಳುತ್ತದೆ. ಈಗ ಉಳಿದದ್ದು 32. ಒಡೆದದ್ದು, ವಾಪಸ್ ಬಂದದ್ದು ಇದರಲ್ಲೇ ಆಗಬೇಕು.

ಈ ಲೆಕ್ಕ ಕಾಗದದ ಮೇಲೆ ನಿಲ್ಲದಿದ್ದರೆ ಅಂಗಡಿಯಲ್ಲೂ ನಿಲ್ಲುವುದಿಲ್ಲ. ಮೊದಲ ಆರ್ಡರ್ ಸಿಗಲಿ ಅಂತ ನಷ್ಟಕ್ಕೆ ಕೊಡಬೇಡಿ. ಎರಡನೆಯದಕ್ಕೆ ಬೆಲೆ ಏರಿಸಿದರೆ ಅಂಗಡಿಯವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಊರು ಸಣ್ಣದು, ಮಾತು ಬೇಗ ಹರಡುತ್ತದೆ.

ಹಂತ 8: ಯಾರ ಮೂಲಕ ಮಾರುವುದು

ಪಾಮಾ, ಪಾವಿ, ಗ್ರೀನ್ಸ್, ವೆಲ್‌ಬೀಸ್‌ನಂಥ ದೊಡ್ಡ ಅಂಗಡಿಗಳಿವೆ. ಲಿಡ್ಲ್ ಕೂಡ ಇದೆ, ಆದರೆ ಅದು ಹೆಚ್ಚಾಗಿ ತನ್ನದೇ ಬ್ರ್ಯಾಂಡ್ ಮಾರುತ್ತದೆ, ಹೊಸಬರು ಅಲ್ಲಿಗೆ ಹೋಗಿ ಸಮಯ ಕಳೆಯಬೇಡಿ. ಉಳಿದ ಕಡೆ ಖರೀದಿ ತೀರ್ಮಾನ ಮಾಡುವವರನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಅವರೆಲ್ಲ ಪರಸ್ಪರ ಪರಿಚಯದವರು.

ನಾನಾಗಿದ್ದರೆ ಮೊದಲ ಆರು ತಿಂಗಳು ನೇರವಾಗಿ ಹದಿನೈದು ಸಣ್ಣ ಜಾಗಗಳಿಗೆ ಕೊಡುತ್ತೇನೆ. ಸ್ಲೀಮಾದ ಒಂದೆರಡು ವಿಶೇಷ ತಿನಿಸಿನ ಅಂಗಡಿ, ಮ್ಸೀದಾ ಮತ್ತು ಹಮ್ರೂನ್ ಕಡೆಯ ಕಿರಾಣಿ ಅಂಗಡಿಗಳು, ಬರ್ಗರ್ ಮಾಡುವ ನಾಲ್ಕೈದು ಹೋಟೆಲ್. ಹೋಟೆಲ್‌ಗೆ ಒಂದು ಲೀಟರಿನ ಕ್ಯಾನ್ ಮಾಡಿ, ಸಣ್ಣ ಬಾಟಲಿಯನ್ನು ಮೇಜಿನ ಮೇಲಿಡಿಸಿ. ಜನ ರುಚಿ ನೋಡುವುದು ಅಲ್ಲಿ, ಆಮೇಲೆ ಅಂಗಡಿಯಲ್ಲಿ ಹುಡುಕುತ್ತಾರೆ. ಆ ಹದಿನೈದು ಕಡೆಯ ಮರು ಆರ್ಡರ್‌ಗಳ ಪಟ್ಟಿ ಹಿಡಿದು ಡಿಸ್ಟ್ರಿಬ್ಯೂಟರ್ ಬಳಿ ಹೋಗಿ. ಬರೀ ಸ್ಯಾಂಪಲ್ ಹಿಡಿದು ಹೋದವರಿಗೂ ಪಟ್ಟಿ ಹಿಡಿದು ಹೋದವರಿಗೂ ಸಿಗುವ ಮರ್ಯಾದೆ ಬೇರೆ.

ಡಿಸ್ಟ್ರಿಬ್ಯೂಟರ್ ಜತೆ ಒಪ್ಪಂದ ಮಾಡುವಾಗ ಮೂರು ಮಾತು ಬರವಣಿಗೆಯಲ್ಲಿ ಇರಲಿ. ಇಡೀ ದ್ವೀಪಕ್ಕೆ ಅವರೊಬ್ಬರೇ ಅನ್ನುವ ಹಕ್ಕು ಕೊಟ್ಟರೆ ಅದು ಒಂದು ವರ್ಷಕ್ಕೆ ಮಾತ್ರ, ಇಷ್ಟು ಪೆಟ್ಟಿಗೆ ಮಾರಿದರೆ ಮುಂದುವರಿಕೆ. ಉದ್ರಿ ಎಷ್ಟು ದಿನ ಅನ್ನುವುದು. ಅವಧಿ ಮುಗಿದ ಬಾಟಲಿಯ ನಷ್ಟ ಯಾರದು ಅನ್ನುವುದು. ಈ ದೇಶಕ್ಕೇ ಸೇರಿದ ಇನ್ನೊಂದು ದ್ವೀಪ ಗೋಝೋವನ್ನು ಮರೆಯಬೇಡಿ. ಅಲ್ಲಿಗೆ ವ್ಯಾನ್ ಫೆರ್ರಿ ಹತ್ತಿ ಹೋಗಬೇಕು, ಹಾಗಾಗಿ ಎಷ್ಟೋ ಸಲ ಡಿಸ್ಟ್ರಿಬ್ಯೂಟರ್ ವಾರಗಟ್ಟಲೆ ಕಳಿಸುವುದೇ ಇಲ್ಲ. ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ.

ಹಂತ 9: ಖಾಲಿ ಕಪಾಟು ಬಿಡಬೇಡಿ

2022ರಲ್ಲಿ ಮೆಕ್ಸಿಕೋದಲ್ಲಿ ಮೆಣಸಿನಕಾಯಿ ಬೆಳೆ ಕೈಕೊಟ್ಟಾಗ ಹುಂಜದ ಚಿತ್ರದ ಪ್ರಸಿದ್ಧ ಅಮೆರಿಕನ್ ಶ್ರೀರಾಚಾ ತಯಾರಿಕೆಯೇ ನಿಂತಿತ್ತು. ಅಷ್ಟು ಹೆಸರಿರುವ ಸಾಸ್‌ನ ಜಾಗದಲ್ಲೇ ಬೇರೆ ಬ್ರ್ಯಾಂಡ್‌ಗಳು ಬಂದು ಕೂತವು. ನಮ್ಮ ಬಾಟಲಿಯ ಜಾಗ ಎರಡು ವಾರ ಖಾಲಿ ಇದ್ದರೆ ಮೂರನೇ ವಾರ ಅಲ್ಲಿ ಇನ್ನೊಬ್ಬರ ಮೇಯನೇಸ್ ಇರುತ್ತದೆ.

ಹಾಗಾಗಿ 600 ಬಾಟಲಿ ತಂದರೆ 600ನ್ನೂ ಹಂಚಬೇಡಿ. 400 ಹೊರಗೆ ಬಿಡಿ, 200 ಕೈಯಲ್ಲಿ ಇರಲಿ. ಹದಿನೈದು ಅಂಗಡಿಯ ಬದಲು ಹತ್ತೇ ಆದರೂ ಪರವಾಗಿಲ್ಲ. ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಬಾಳಿಕೆಯ ಅವಧಿಯಲ್ಲಿ ಮೂರನೇ ಎರಡು ಭಾಗ ಇನ್ನೂ ಉಳಿದಿರಬೇಕು ಅಂತ ಕೇಳುತ್ತವೆ. ಹನ್ನೆರಡು ತಿಂಗಳ ಸಾಸ್ ಆದರೆ ನಾಲ್ಕು ತಿಂಗಳೊಳಗೆ ಅವರ ಬಾಗಿಲಿಗೆ ಮುಟ್ಟಬೇಕು. ಭಾರತದಿಂದ ತರಿಸುವವರು ಈ ಲೆಕ್ಕವನ್ನು ಎರಡು ಸಲ ಮಾಡಿ.

ಆಗಸ್ಟ್ ಮಧ್ಯದ ಸಾಂತಾ ಮರಿಯಾ ವಾರದಲ್ಲಿ ಎಷ್ಟೋ ಕಚೇರಿ, ಗೋದಾಮು ಮುಚ್ಚಿರುತ್ತವೆ. ಇಟಲಿಯಲ್ಲೂ ಅದೇ ಸಮಯಕ್ಕೆ ರಜೆ. ಆ ಸಮಯದ ಸರಕು ಜುಲೈ ಮೊದಲ ವಾರವೇ ಒಳಗೆ ಬಂದಿರಲಿ. ಬಿಸಿಲು ಬೀಳುವ ಕಿಟಕಿ ಪಕ್ಕದ ಕಪಾಟಿನಲ್ಲಿ ಇಟ್ಟರೆ ಬ್ಯಾಡಗಿಯ ಕೆಂಪು ತಿಂಗಳೊಳಗೆ ಕಂದು ತಿರುಗುತ್ತದೆ. ಅಂಗಡಿಯವರಿಗೆ ನಯವಾಗಿ ಹೇಳಿ ಜಾಗ ಬದಲಿಸಿ.

ಹಂತ 10: ಶನಿವಾರ ಅಂಗಡಿಯಲ್ಲಿ ನಿಲ್ಲಿ

ಜಾಹೀರಾತಿಗಿಂತ ರುಚಿ ತೋರಿಸುವುದು ಮೇಲು. ಶನಿವಾರ ಬೆಳಿಗ್ಗೆ ಅನುಮತಿ ಪಡೆದು ಒಂದು ಸಣ್ಣ ಮೇಜು ಹಾಕಿ. ಚಮಚದಲ್ಲಿ ಬರೀ ಸಾಸ್ ಕೊಡಬೇಡಿ, ಯಾರೂ ಹಾಗೆ ತಿನ್ನುವುದಿಲ್ಲ. ಗಲ್ಲೆಟ್ಟಿ ಅನ್ನುವ ಗರಿಗರಿ ಬಿಸ್ಕತ್ತು ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಮೇಲೆ ಸ್ವಲ್ಪ ಬಿಜಿಲ್ಲಾ, ಅದರ ಮೇಲೆ ಎರಡು ಹನಿ ಸಾಸ್. ತಿಂದವರಿಗೆ ಮನೆಯಲ್ಲಿ ಯಾವುದರ ಜತೆ ಹಾಕಿಕೊಳ್ಳಬಹುದು ಅನ್ನುವುದು ತಾನೇ ಹೊಳೆಯುತ್ತದೆ. ಮೇಜಿನ ಮೇಲೆ ಅಲರ್ಜಿಯ ಪಟ್ಟಿ ಇಡಿ. ಕೇಳಿದವರಿಗೆ ಖಾರ ಎಷ್ಟು ಅಂತ ನಿಜವನ್ನೇ ಹೇಳಿ.

ಮನೆಗೆ ಹೊರಡುವ ಮುಂಚೆ ಕಪಾಟಿನ ಬಾಟಲಿ ಎಣಿಸಿ ಬರೆದುಕೊಳ್ಳಿ. ಮುಂದಿನ ಶನಿವಾರ ಮತ್ತೆ ಹೋಗಿ ಎಣಿಸಿ. ನೀವು ನಿಂತ ದಿನ ಹೋದದ್ದು ಬೇರೆ, ನೀವಿಲ್ಲದ ವಾರ ಹೋದದ್ದು ಬೇರೆ. ಎರಡನೆಯದೇ ನಿಜವಾದ ಮಾರಾಟ. ನಾಲ್ಕು ವಾರ ಎಣಿಸಿದ ಮೇಲೆ ಅಂಗಡಿಯವರಿಗೆ ಫೋನ್ ಮಾಡಿ, ಹನ್ನೆರಡರಲ್ಲಿ ಮೂರು ಉಳಿದಿದೆ, ಗುರುವಾರ ಒಂದು ಪೆಟ್ಟಿಗೆ ತಂದಿಡಲಾ ಅಂತ ಕೇಳಿ. ಅವರು ಎಣಿಸುವ ಮುಂಚೆ ನೀವು ಎಣಿಸಿರಬೇಕು. ಆರ್ಡರ್ ಬಂದ ದಿನವೇ ಕೈಯಲ್ಲಿಟ್ಟುಕೊಂಡ 200 ಬಾಟಲಿಯಿಂದ ತೆಗೆದು ಕಳಿಸಿ, ಲಾಟ್ ನಂಬರ್ ಬರೆದುಕೊಳ್ಳಿ, ಸಿಸಿಲಿಗೆ ಮುಂದಿನ ತಯಾರಿಕೆಯ ದಿನಾಂಕ ಕೇಳಿ ಮೇಲ್ ಹಾಕಿ. ರೆಸಿಪಿ, ಲೇಬಲ್ ಎರಡೂ ಹಾಗೆಯೇ ಇರಲಿ.